‘ಅಮ್ಮ ನನಗೆ ಹೇಳಲಿಲ್ಲ, ಮೊಮ್ಮಗಳಿಗೆ ಹೇಳಿದಳು’

(ಹೆಸರು, ಕೆಲಸ, ಮನೆತನದ ವಿವರಗಳನ್ನು ಬದಲಿಸಿದ್ದೇನೆ. ಒಂದಕ್ಕಿಂತ ಹೆಚ್ಚು ಕುಟುಂಬಗಳ ಸಂಗತಿ ಇಲ್ಲಿ ಬೆರೆತಿದೆ.)

ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲಿ ‘ನಿದ್ದೆ ಬರುತ್ತಿಲ್ಲ, ಮಗಳ ಜತೆ ಮನಸ್ತಾಪ’ ಎಂದಷ್ಟೇ ಇತ್ತು. ಡೇವಿಡ್‌ಗೆ 72 ವರ್ಷ. ನಿವೃತ್ತ ಅಕೌಂಟೆಂಟ್. ಹೆಂಡತಿ ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು ರೂತ್, 34 ವರ್ಷ. ಅವಳಿಗೆ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿತ್ತು. ಜತೆಗೆ ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕುವುದಾಗಿಯೂ ಹೇಳಿದ್ದಳು. ಅದಕ್ಕೆ ಬೇಕಾದ ಕಾಗದಗಳು ಅಪ್ಪನ ಬೀರುವಿನಲ್ಲಿದ್ದವು. ಅವರು ಬೀಗ ಹಾಕಿ ಕೀಲಿಕೈ ಜೇಬಿಗೆ ಹಾಕಿಕೊಂಡಿದ್ದರು. ಅಪ್ಪ-ಮಗಳ ನಡುವೆ ಮಾತು ನಿಂತು ಎರಡು ತಿಂಗಳಾಗಿತ್ತು.

ನಾನು ಆಪ್ತಸಲಹೆಯ ಕೆಲಸ ಮಾಡುವುದು ಮೆಲ್ಬರ್ನ್‌ನ ಆಗ್ನೇಯ ಭಾಗದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಿಂದ ಬಂದ ಯಹೂದಿಗಳು ಕಾಲ್‌ಫೀಲ್ಡ್, ಎಲ್‌ಸ್ಟರ್ನ್‌ವಿಕ್ ಕಡೆ ಜಾಸ್ತಿ ನೆಲೆಸಿದರು. ಹೋಲೊಕಾಸ್ಟ್‌ನಲ್ಲಿ, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆಯಲ್ಲಿ, ಬದುಕುಳಿದವರೇ ಸೇರಿ 1984ರಲ್ಲಿ ಎಲ್‌ಸ್ಟರ್ನ್‌ವಿಕ್‌ನಲ್ಲಿ ಮ್ಯೂಸಿಯಂ ತೆರೆದರು. ಈಗ ಅವರಲ್ಲಿ ಉಳಿದಿರುವವರು ಕಡಿಮೆ. ನಮ್ಮ ಬಳಿ ಬರುವವರು ಅವರ ಮಕ್ಕಳು. ಮಕ್ಕಳೆಂದರೆ ಎಪ್ಪತ್ತರ ಆಸುಪಾಸಿನವರು! ಈ ವಯಸ್ಸಿನಲ್ಲಿ ಕೂತು ‘ಅಮ್ಮ ನನಗೆ ಏನು ಮಾಡು ಅಂದಿದ್ದಳು?’ ಎಂದು ಕೇಳುತ್ತಾರೆ.

ಡೇವಿಡ್‌ರ ತಾಯಿ ಬರ್ಲಿನ್‌ನವರು, 1925ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಅವರನ್ನು ಕಾರ್ಖಾನೆಯಲ್ಲಿ ಬಲವಂತದ ದುಡಿಮೆಗೆ ಹಾಕಿದ್ದರು. 1943ರ ಫೆಬ್ರವರಿ 27ರಂದು ಬರ್ಲಿನ್‌ನ ಕಾರ್ಖಾನೆಗಳಿಂದ ಯಹೂದಿ ಕೆಲಸಗಾರರನ್ನು ಎಳೆದೊಯ್ದರು. ಆ ದಿನ ಸಿಕ್ಕಿಬಿದ್ದವರಲ್ಲಿ ಇವರೂ ಒಬ್ಬರು. ಇಡೀ ಮನೆಯವರು ಔಶ್ವಿಟ್ಸ್ ಎಂಬ ನಾಜಿಗಳ ಕೊಲೆ ಶಿಬಿರಕ್ಕೆ ಹೋದರು. ಅಪ್ಪ, ಅಮ್ಮ, ಹನ್ನೆರಡು ವರ್ಷದ ತಮ್ಮ ವಾಪಸ್ ಬರಲಿಲ್ಲ. ಇವರು ಹೇಗೋ ಬದುಕಿದರು. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಬೆರ್ಗೆನ್-ಬೆಲ್ಸನ್ ಶಿಬಿರಕ್ಕೆ ಬಂದಾಗ ಅಲ್ಲಿದ್ದರು. ಅದರ ಪಕ್ಕದಲ್ಲೇ ಎದ್ದ ನಿರಾಶ್ರಿತರ ಶಿಬಿರದಲ್ಲಿ ಪೋಲೆಂಡಿನ ವೂಚ್ ನಗರದ ಒಬ್ಬ ಟೇಲರ್‌ನನ್ನು ಮದುವೆಯಾದರು. 1949ರಲ್ಲಿ ಮೆಲ್ಬರ್ನ್ ಸೇರಿದರು. ಮೂರು ವರ್ಷದ ಮೇಲೆ ಮಗ ಹುಟ್ಟಿದ. ಯುರೋಪಿನ ಯಹೂದಿಗಳಲ್ಲಿ ತೀರಿಹೋದವರ ಹೆಸರನ್ನು ಮಗುವಿಗೆ ಇಡುವ ರೂಢಿಯಿದೆ. ಡೇವಿಡ್ ಎಂಬುದು ಆ ತಮ್ಮನ ಹೆಸರು.

ಮನೆಯಲ್ಲಿ ಕೆಲವು ನಿಯಮಗಳಿದ್ದವು. ಬ್ರೆಡ್ಡಿನ ಚೂರೂ ಕಸಕ್ಕೆ ಹೋಗಬಾರದು. ಜರ್ಮನ್ ಕಾರು, ಜರ್ಮನ್ ಫ್ರಿಜ್ ಮನೆಗೆ ಬರಬಾರದು. ಜರ್ಮನ್ ಮಾತಂತೂ ಬಾಯಿಗೂ ಬರಬಾರದು. ಡೇವಿಡ್ ರಾತ್ರಿ ತಡವಾಗಿ ಬಂದರೆ ತಾಯಿ ಬಾಗಿಲಲ್ಲೇ ನಿಂತಿರುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ನೆ ನೋಡಿ ಒಳಗೆ ಹೋಗುತ್ತಿದ್ದರು. ‘ಬೈದಿದ್ರೆ ಚೆನ್ನಾಗಿರ್ತಿತ್ತು’ ಎಂದರು ಡೇವಿಡ್. ಅಜ್ಜ-ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಯಾರೂ ಇರಲಿಲ್ಲ. ಭಾನುವಾರ ಇಸ್ಪೀಟಾಡಲು ಬರುತ್ತಿದ್ದ ಶಿಬಿರದ ಸ್ನೇಹಿತರನ್ನೇ ಅಂಕಲ್, ಆಂಟಿ ಎನ್ನುತ್ತಿದ್ದರು.

ಮೊದಲ ಭೇಟಿಯಲ್ಲಿ ಅವರು ಕೂತ ತಕ್ಷಣ ಫೋನ್ ತೆಗೆದು ಒಂದು ಲೇಖನ ತೋರಿಸಿದರು. ಹೋಲೊಕಾಸ್ಟ್‌ನ ಆಘಾತ ಜೀನ್ ಮೂಲಕ ಮಕ್ಕಳಿಗೆ ಬರುತ್ತದೆ ಎಂಬ ಲೇಖನ. ‘ನನ್ನ ರಕ್ತದಲ್ಲೇ ಇದೆ ನೋಡಿ. ಇನ್ನು ನೀವೇನು ಮಾಡ್ತೀರಿ?’ ಎಂದರು.

ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನ್ಯೂಯಾರ್ಕ್‌ನ ರೇಚಲ್ ಯೆಹೂದಾ ಮತ್ತು ಜತೆಗಾರರ ಅಧ್ಯಯನ ಒಂದಿದೆ, ನಿಜ. ಒತ್ತಡಕ್ಕೆ ಸಂಬಂಧಿಸಿದ ಒಂದು ಜೀನ್‌ನ ಮೇಲಿನ ರಾಸಾಯನಿಕ ಗುರುತುಗಳನ್ನು ಅವರು ನೋಡಿದರು. ನೋಡಿದ್ದು 32 ಮಂದಿ ಬದುಕುಳಿದವರನ್ನು, 22 ಮಂದಿ ಮಕ್ಕಳನ್ನು. ಅಷ್ಟು ಚಿಕ್ಕ ಗುಂಪಿನಿಂದ ಇಡೀ ಪೀಳಿಗೆಯ ಹಣೆಬರಹ ಓದಲು ಬರುವುದಿಲ್ಲ. ಅದಕ್ಕಿಂತ ಮೊದಲು, 2003ರಲ್ಲಿ, ಇಸ್ರೇಲ್ ಮತ್ತು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಅಲ್ಲಿಯವರೆಗಿನ 32 ಗುಂಪುಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಒಟ್ಟು 4,418 ಮಂದಿ. ಚಿಕಿತ್ಸೆಗೆಂದು ಬಂದವರನ್ನು ಬಿಟ್ಟು ಸಾಮಾನ್ಯ ಜನರನ್ನು ಆಯ್ದುಕೊಂಡ ಕಡೆ, ಈ ಮಕ್ಕಳು ಬೇರೆಯವರಿಗಿಂತ ಹೆಚ್ಚು ಕಾಯಿಲೆಯವರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಕ್ಲಿನಿಕ್‌ಗೆ ಬಂದವರನ್ನೇ ನೋಡುತ್ತಾ ಕೂತ ನಮ್ಮಂಥವರಿಗೆ ಎಲ್ಲರೂ ಹೀಗೇ ಅನ್ನಿಸುವುದು ಸಹಜ, ಅಲ್ವಾ?

‘ರಕ್ತದ ವಿಚಾರ ಪಕ್ಕಕ್ಕಿಡೋಣ. ಮನೆಯಲ್ಲಿ ನಡೆದದ್ದು ಹೇಳಿ’ ಎಂದೆ. ಮಗಳ ವಿಷಯಕ್ಕೆ ಬಂದರು. ‘ಅಮ್ಮ ಜನ್ಮದಲ್ಲಿ ಒಪ್ಪುತ್ತಿರಲಿಲ್ಲ. ನಾನು ಕಾಗದ ಕೊಟ್ಟರೆ ಅವಳಿಗೆ ದ್ರೋಹ ಮಾಡಿದ ಹಾಗೆ.’

ಆ ದಿನ ಅವರಿಗೆ ಒಂದು ಕೆಲಸ ಕೊಟ್ಟೆ. ಕಾಗದದ ಮೇಲೆ ಮೇಲಿಂದ ಕೆಳಗೆ ಮೂರು ಸಾಲು (ಕಾಲಂ) ಹಾಕಿ. ಒಂದರಲ್ಲಿ ಜರ್ಮನಿಯ ಬಗ್ಗೆ ಅಮ್ಮ ಸ್ವಂತ ಬಾಯಲ್ಲಿ ಹೇಳಿದ್ದು. ಇನ್ನೊಂದರಲ್ಲಿ ಅಮ್ಮ ಮಾಡಿದ್ದು. ಮೂರನೆಯದರಲ್ಲಿ ನೀವು ಅಂದುಕೊಂಡದ್ದು. ಬದುಕುಳಿದವರ ಮಕ್ಕಳಿಗೆ ನಾನು ಇದನ್ನು ಆಗಾಗ ಕೊಡುತ್ತೇನೆ. ಮಾತೇ ಆಡದ ಮನೆಯಲ್ಲಿ ಬೆಳೆದವರು ತಾಯಿಯ ಮುಖ ನೋಡಿ ನೋಡಿ ಒಂದು ದೊಡ್ಡ ಕಾನೂನು ಪುಸ್ತಕವನ್ನೇ ಬರೆದುಕೊಂಡಿರುತ್ತಾರೆ. ಅದರಲ್ಲಿ ತಾಯಿಯ ಸಹಿ ಎಲ್ಲೆಲ್ಲಿದೆ ಎಂದು ಯಾರೂ ತಿರುಗಿ ನೋಡಿರುವುದಿಲ್ಲ.

ಅಕೌಂಟೆಂಟ್ ಅಲ್ವಾ, ಸ್ಕೇಲಿಟ್ಟು ಗೆರೆ ಎಳೆದು ಅಚ್ಚುಕಟ್ಟಾಗಿ ತಂದರು. ಮೂರನೆಯ ಸಾಲು ಎರಡು ಪುಟ ತುಂಬಿತ್ತು. ಮೊದಲನೆಯದರಲ್ಲಿ ಇದ್ದದ್ದು ಒಂದೇ ವಾಕ್ಯ. 1974ರಲ್ಲಿ ಗೆಳೆಯರ ಜತೆ ಯುರೋಪ್ ಸುತ್ತಲು ಹೊರಟಾಗ ತಾಯಿ ‘ಅಲ್ಲಿಗೆ ಮಾತ್ರ ಬೇಡ’ ಎಂದಿದ್ದರು. ಇವರು ಯುರೋಪಿಗೇ ಹೋಗಲಿಲ್ಲ.

ಎರಡನೆಯ ಸಾಲು ಅವರನ್ನೇ ಗೊಂದಲಕ್ಕೆ ತಳ್ಳಿತ್ತು. ಪಶ್ಚಿಮ ಜರ್ಮನಿ 1950ರ ದಶಕದಲ್ಲಿ ಪರಿಹಾರದ ಕಾನೂನು ಮಾಡಿತು. ಆರೋಗ್ಯ ಕೆಟ್ಟವರಿಗೆ ತಿಂಗಳ ಪಿಂಚಣಿ ಇತ್ತು. ಆದರೆ ಶಿಬಿರದಿಂದಲೇ ಕೆಟ್ಟಿತು ಎಂದು ವೈದ್ಯರ ಮುಂದೆ ಸಾಬೀತು ಮಾಡಬೇಕಿತ್ತು. ‘ರಕ್ತದ ದುಡ್ಡು’ ಎಂದು ಎಷ್ಟೋ ಮಂದಿ ಅರ್ಜಿಯನ್ನೇ ಹಾಕಲಿಲ್ಲ. 1952ರ ಜನವರಿಯಲ್ಲಿ ಇಸ್ರೇಲ್ ಸರ್ಕಾರ ಜರ್ಮನಿಯ ಜತೆ ಪರಿಹಾರದ ಮಾತುಕತೆಗೆ ಹೊರಟಾಗ ಜೆರುಸಲೇಂನಲ್ಲಿ ಸಂಸತ್ತಿನ ಮೇಲೆಯೇ ಕಲ್ಲು ಬಿದ್ದಿದ್ದವು. ಡೇವಿಡ್‌ರ ತಾಯಿ ಅರ್ಜಿ ಹಾಕಿದರು. ಪರೀಕ್ಷೆಗೆ ಹೋದರು. ಪಿಂಚಣಿ ತೆಗೆದುಕೊಂಡರು. ಅದೇ ದುಡ್ಡಿನಲ್ಲಿ ಮಗನನ್ನು ಒಳ್ಳೆಯ ಸ್ಕೂಲಿಗೆ ಹಾಕಿದರು. ಇನ್ನೊಂದು ವಿಷಯವೂ ಇತ್ತು. ಬರ್ಲಿನ್ ನಗರಾಡಳಿತ 1969ರಿಂದ, ನಾಜಿಗಳ ಕಾಲದಲ್ಲಿ ಊರು ಬಿಟ್ಟವರನ್ನು ತನ್ನ ಖರ್ಚಿನಲ್ಲಿ ಭೇಟಿಗೆ ಕರೆಸುತ್ತಿತ್ತು. ಇವರಿಗೂ ಆಹ್ವಾನ ಬಂದಿತ್ತು. ಹೋಗಲಿಲ್ಲ. ಹರಿದೂ ಹಾಕಲಿಲ್ಲ. ಬೀರುವಿನ ಕಾಗದಗಳ ನಡುವೆ ಆ ಪತ್ರವೂ ಇತ್ತು.

‘ಇದರಿಂದ ಅಮ್ಮ ಒಪ್ಪುತ್ತಿದ್ದಳು ಅಂತಾನಾ?’ ಎಂದು ಕೇಳಿದರು. ಖಂಡಿತ ಅಲ್ಲ ಎಂದೆ. ಸತ್ತವರ ಪರವಾಗಿ ಹೌದು ಎನ್ನುವ ಹಕ್ಕು ನನಗಿಲ್ಲ. ಇಲ್ಲ ಎನ್ನುವ ಹಕ್ಕು ನಿಮಗೂ ಅಷ್ಟೊಂದಿಲ್ಲ. ‘ನನಗೆ ಇಷ್ಟವಿಲ್ಲ’ ಎಂದು ನೀವು ಹೇಳಬಹುದು. ಅದು ನಿಮ್ಮದೇ ಮಾತು, ಅದಕ್ಕೆ ಬೆಲೆಯಿದೆ. ಅಮ್ಮನ ಹೆಗಲ ಮೇಲಿಟ್ಟು ಹೇಳಿದರೆ ಮಗಳಿಗೆ ವಾದ ಮಾಡಲೂ ಜಾಗ ಇರುವುದಿಲ್ಲ.

ಬಹಳ ಹೊತ್ತು ಅವರು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ನರ್ಸಿಂಗ್ ಹೋಮಿನ ವಿಷಯ ಹೊರಬಂತು.

ತಾಯಿಗೆ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ. ಬದುಕುಳಿದವರಲ್ಲಿ ಇದು ಎಷ್ಟು ಕಷ್ಟ ಅಂತ ಇಲ್ಲಿನ ನರ್ಸ್‌ಗಳಿಗೆ ಗೊತ್ತು. ಶವರ್ ಎಂದರೆ ಕಿರುಚುತ್ತಾರೆ, ದಿಂಬಿನ ಕೆಳಗೆ ಬ್ರೆಡ್ ಬಚ್ಚಿಡುತ್ತಾರೆ. ಕಲಿತ ಇಂಗ್ಲಿಷ್ ಹೋಗಿ ಚಿಕ್ಕಂದಿನ ಭಾಷೆ ವಾಪಸ್ ಬರುತ್ತದೆ. ಅರವತ್ತು ವರ್ಷ ಬಾಯಿಗೆ ತರದಿದ್ದ ಜರ್ಮನ್‌ನಲ್ಲಿ ಅವರು ಮಾತಾಡತೊಡಗಿದರು, ಮಕ್ಕಳ ಹಾಡು ಹಾಡಿದರು. ಡೇವಿಡ್‌ಗೆ ಅರ್ಥವಾಗುತ್ತಿರಲಿಲ್ಲ. ಕೇಳಲಾಗದೆ ಎದ್ದು ಕಾರಿಡಾರ್‌ಗೆ ಹೋಗುತ್ತಿದ್ದರು. ರೂತ್ ಸ್ಕೂಲಿನಲ್ಲಿ ಜರ್ಮನ್ ಓದಿದ್ದಳು. ಅವಳು ಅಜ್ಜಿಯ ಪಕ್ಕ ಕೂತು ಉತ್ತರ ಕೊಡುತ್ತಿದ್ದಳು. ಒಮ್ಮೆ ಇವರು ಬಾಗಿಲ ಹೊರಗಿನಿಂದ ನೋಡಿದರು. ಅಜ್ಜಿ-ಮೊಮ್ಮಗಳು ಇಬ್ಬರೂ ನಗುತ್ತಿದ್ದರು.

‘ಅಮ್ಮ ನನಗೆ ಹೇಳಲಿಲ್ಲ. ಅವಳಿಗೆ ಹೇಳಿದಳು.’ ಇದನ್ನು ಹೇಳುವಾಗ ಎಪ್ಪತ್ತೆರಡರ ಆ ಮನುಷ್ಯನ ದನಿ ಒಡೆದಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಪಾಸ್‌ಪೋರ್ಟಿನಲ್ಲಿ ಇರಲಿಲ್ಲ, ಇಲ್ಲಿತ್ತು. ಅದನ್ನು ಅವರಿಗೇ ಹೇಳಿದೆ: ನಿಮಗೆ ಮಗಳ ಮೇಲೆ ಹೊಟ್ಟೆಕಿಚ್ಚು ಇದೆ, ಅದು ನಾಚಿಕೆಪಡುವ ವಿಷಯವಲ್ಲ.

ಇಂಥ ಮನೆಗಳಲ್ಲಿ ಮೊಮ್ಮಕ್ಕಳ ಮುಂದೆ ಬಾಯಿ ಬಿಡುವುದು ಎಷ್ಟೋ ಕಡೆ ಕಂಡುಬಂದಿದೆ. ಇಸ್ರೇಲಿನ ಮನಃಶಾಸ್ತ್ರಜ್ಞ ಡಾನ್ ಬಾರ್-ಆನ್ ‘ಎರಡು ಗೋಡೆ’ಗಳ ಬಗ್ಗೆ ಹೇಳುತ್ತಿದ್ದರು. ಅಪ್ಪ-ಅಮ್ಮ ಒಂದು ಗೋಡೆ ಕಟ್ಟುತ್ತಾರೆ, ಮಕ್ಕಳು ಎದುರಿಗೆ ತಮ್ಮದೊಂದು ಕಟ್ಟುತ್ತಾರೆ. ಯಾರಾದರೂ ತಮ್ಮ ಕಡೆ ಕಿಟಕಿ ತೆರೆದರೂ ಕಾಣುವುದು ಎದುರಿನವರ ಗೋಡೆಯೇ. ಮೊಮ್ಮಗಳು ಹುಟ್ಟುವ ಹೊತ್ತಿಗೆ ನಲವತ್ತೈದು ವರ್ಷ ಕಳೆದಿರುತ್ತದೆ. ಅವಳು ಗೋಡೆ ಕಟ್ಟಿಯೇ ಇರುವುದಿಲ್ಲ.

ರೂತ್ ಬೇರೆ ದಿನ ಬಂದಳು. ಕಾನೂನು ಅವಳಿಗೆ ಬಾಯಿಪಾಠ. 1933ರ ಜನವರಿ 30ರಿಂದ 1945ರ ಮೇ 8ರವರೆಗೆ ನಾಜಿಗಳು ಪೌರತ್ವ ಕಿತ್ತುಕೊಂಡವರಿಗೂ ಅವರ ಸಂತಾನಕ್ಕೂ ಅದನ್ನು ವಾಪಸ್ ಕೊಡಬೇಕೆಂದು ಜರ್ಮನಿಯ ಸಂವಿಧಾನದ 116ನೇ ವಿಧಿಯಲ್ಲಿದೆ. ತಾಯಿಯ ಕಡೆಯಿಂದ ಬಂದ ಕೆಲವರು ಅದರಿಂದ ಹೊರಗುಳಿದಿದ್ದರು. 2021ರ ಆಗಸ್ಟ್‌ನ ತಿದ್ದುಪಡಿ ಅವರಿಗೂ ದಾರಿ ಮಾಡಿತು. ‘ನಮ್ಮಿಂದ ಕಿತ್ತುಕೊಂಡದ್ದನ್ನು ನಾನು ವಾಪಸ್ ತಗೊಳ್ತಿದ್ದೀನಿ. ಇದರಲ್ಲಿ ತಪ್ಪೇನು?’ ಎಂದಳು. ಅಜ್ಜಿಯ ಮನೆಯವರ ಹೆಸರಿನಲ್ಲಿ ಬರ್ಲಿನ್‌ನ ಆ ಬೀದಿಯಲ್ಲಿ ಸ್ಮರಣೆಯ ಕಲ್ಲು ಹಾಕಿಸುವ ಆಸೆಯೂ ಇತ್ತು. ಗುಂಟರ್ ಡೆಮ್‌ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರುಮಾಡಿದ್ದು ಇದು. ಹತ್ತು ಸೆಂಟಿಮೀಟರ್ ಹಿತ್ತಾಳೆ ಫಲಕದ ಕಲ್ಲನ್ನು ಆ ಜನ ಕೊನೆಯದಾಗಿ ತಮ್ಮಿಷ್ಟದಿಂದ ವಾಸವಿದ್ದ ಮನೆಯ ಮುಂದಿನ ಕಾಲುದಾರಿಯಲ್ಲಿ ಹೂಳುತ್ತಾರೆ. 2023ರಲ್ಲಿ ಒಂದು ಲಕ್ಷ ದಾಟಿತು.

ನನಗೆ ಅವಳ ಉತ್ಸಾಹ ಹಿಡಿಸಿತು. ಸ್ವಲ್ಪ ಚಿಂತೆಯೂ ಆಯಿತು. ಇಂಥ ಮನೆಗಳಲ್ಲಿ ಸತ್ತವರನ್ನೆಲ್ಲ ಹೊತ್ತು ನಿಲ್ಲಲು ಒಂದು ಮಗು ಆಯ್ಕೆಯಾಗುತ್ತದೆ. ಇಸ್ರೇಲಿನ ಚಿಕಿತ್ಸಕಿ ದೀನಾ ವಾರ್ಡಿ ಅಂಥವರನ್ನು ‘ನೆನಪಿನ ಮೇಣದಬತ್ತಿ’ ಎಂದಿದ್ದರು. ಅಪ್ಪ ಕೆಳಗಿಟ್ಟ ಹೊರೆಯನ್ನು ಇವಳು ಎತ್ತಿಕೊಳ್ಳುತ್ತಿದ್ದಾಳಾ? ಹಾಗಾಗಿ ಕೇಳಿದೆ: ಅಜ್ಜಿ ಇಲ್ಲದಿದ್ದರೂ ಬರ್ಲಿನ್‌ಗೆ ಹೋಗುತ್ತಿದ್ದೆಯಾ? ಅವಳು ನಕ್ಕಳು. ಅಲ್ಲೊಬ್ಬ ಗೆಳೆಯನಿದ್ದ. ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ಮೊದಲು ಅದನ್ನು ಹೇಳು ಎಂದೆ. ಬದುಕಲು ಹೋಗುವುದನ್ನು ನ್ಯಾಯ ಕೇಳಲು ಹೋಗುವ ಹಾಗೆ ತೋರಿಸಬೇಕಿಲ್ಲ.

ಜಂಟಿ ಭೇಟಿಯಲ್ಲಿ ಅರ್ಧ ಗಂಟೆ ಜಗಳವೇ ಆಯಿತು. ಕಲ್ಲಿನ ಮಾತು ಬಂದಾಗ ಡೇವಿಡ್ ಸಿಟ್ಟಾದರು. ‘ಜರ್ಮನ್ನರು ನಮ್ಮವರ ಹೆಸರು ತುಳಿದುಕೊಂಡು ಹೋಗಲಿ ಅಂತಾನಾ?’ ಇದು ಅವರೊಬ್ಬರ ಆಕ್ಷೇಪ ಅಲ್ಲ. ಮ್ಯೂನಿಕ್ ನಗರ ಇದೇ ಕಾರಣಕ್ಕೆ ಸಾರ್ವಜನಿಕ ಜಾಗದಲ್ಲಿ ಈ ಕಲ್ಲುಗಳಿಗೆ ಒಪ್ಪಿಗೆ ಕೊಟ್ಟಿಲ್ಲ. ಆಮೇಲೆ ರೂತ್ ಮೆಲ್ಲಗೆ ಕೇಳಿದಳು: ‘ಅಪ್ಪಾ, ಆ ಹುಡುಗನ ಹೆಸರು ನಿನಗೆ ಇಟ್ಟಿದ್ದಾರೆ. ಅವನು ಹೇಗಿದ್ದ ಅಂತ ಗೊತ್ತಾ ನಿನಗೆ?’ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅವನಿಗೆ ಟ್ರಾಮ್ ಟಿಕೆಟ್ ಕೂಡಿಡುವ ಹುಚ್ಚು. 1942ರಲ್ಲಿ ಯಹೂದಿಗಳು ಟ್ರಾಮ್ ಹತ್ತದಂತೆ ತಡೆದ ಮೇಲೂ ಬೀದಿಯಲ್ಲಿ ಬಿದ್ದದ್ದನ್ನು ಆರಿಸಿಕೊಂಡು ಬರುತ್ತಿದ್ದ. ಅಕ್ಕ ಬೈಯುತ್ತಿದ್ದಳು.

‘ನನಗೆ ಯಾಕೆ ಹೇಳಲಿಲ್ಲ ಅವಳು?’

‘ನಾನೂ ಕೇಳಿದೆ. ಹೇಳಿದ್ರೆ ಅವನು ಅಳ್ತಾನೆ ಅಂದಳು. ಕೇಳಿದ್ರೆ ಅಮ್ಮ ಅಳ್ತಾಳೆ ಅಂತ ನೀನೂ ಕೇಳಲಿಲ್ಲ, ಅಲ್ವಾ?’

ಆ ದಿನ ನಾನು ಹೆಚ್ಚು ಮಾತಾಡಲಿಲ್ಲ. ಕೊಟ್ಟ ಸಲಹೆ ಇಷ್ಟು. ಮೂಲ ಕಾಗದ ಡೇವಿಡ್ ಬಳಿಯೇ ಇರಲಿ, ದೃಢೀಕರಿಸಿದ ಪ್ರತಿ ಮಗಳಿಗೆ ಸಿಗಲಿ. ಇಷ್ಟವಿಲ್ಲ ಎನ್ನುವುದನ್ನು ಅವರು ಬಿಡಬೇಕಿಲ್ಲ, ಮಗಳು ಹೋಗುವುದನ್ನೂ ಬಿಡಬೇಕಿಲ್ಲ. ಅಜ್ಜಿ ಹೇಳಿದ್ದನ್ನೆಲ್ಲ ರೂತ್ ವಾರಕ್ಕೊಂದು ಸಂಜೆ ಅಪ್ಪನಿಗೆ ಹೇಳಬೇಕು. ಒಂದೇ ಸಲ ಎಲ್ಲ ಬೇಡ, ಮಲಗುವ ಹೊತ್ತಿಗಂತೂ ಬೇಡವೇ ಬೇಡ. ಡೇವಿಡ್ ಬರೀ ಕೇಳುತ್ತಾ ಕೂರದೆ ತನ್ನ ಬಾಲ್ಯದ ಅಮ್ಮನನ್ನು ಮಗಳಿಗೆ ಹೇಳಬೇಕು. ಬಾಗಿಲಲ್ಲಿ ಕಾಯುತ್ತಿದ್ದ ಆ ತಾಯಿಯನ್ನು ರೂತ್ ನೋಡಿಯೇ ಇಲ್ಲವಲ್ಲ. ನಿದ್ದೆ ಮಾತ್ರೆಯ ವಿಷಯ ಡಾಕ್ಟರ್‌ಗೆ ಬಿಟ್ಟೆ. ಕೆಟ್ಟ ಕನಸು ಜಾಸ್ತಿಯಾದರೆ ಆಘಾತ ಚಿಕಿತ್ಸೆಯ ತಜ್ಞರ ಬಳಿ ಕಳಿಸುತ್ತೇನೆ ಎಂದೂ ಹೇಳಿದೆ.

ಡೇವಿಡ್ ತಾವಾಗಿಯೇ ಇನ್ನೊಂದು ಪ್ರಶ್ನೆ ತಂದರು. ಆ ಹುಡುಗ ಸತ್ತ ದಿನ ಯಾರಿಗೂ ಗೊತ್ತಿಲ್ಲ. ಸತ್ತವರ ನೆನಪಿಗೆ ವರ್ಷಕ್ಕೊಮ್ಮೆ ಹಚ್ಚುವ ದೀಪವನ್ನು ಯಾವತ್ತು ಹಚ್ಚುವುದು? ಕೊಂದ ದಿನ ಗೊತ್ತಿಲ್ಲದವರಿಗಾಗಿ ಇಸ್ರೇಲಿನ ಮುಖ್ಯ ರಬ್ಬಿಗಳ (ಯಹೂದಿ ಧರ್ಮಗುರುಗಳ) ಮಂಡಳಿ ಯಹೂದಿ ಪಂಚಾಂಗದ ತೆವೆತ್ ತಿಂಗಳ ಹತ್ತನೇ ದಿನವನ್ನು ಗೊತ್ತುಮಾಡಿದೆ. ತಿಥಿ ತಿಳಿಯದವರಿಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದ್ದ ಹಾಗೆ. ಅವರ ರಬ್ಬಿಯನ್ನು ಕೇಳಲು ಹೇಳಿದೆ. ಜೆರುಸಲೇಂನ ಹೋಲೊಕಾಸ್ಟ್ ಸ್ಮಾರಕ ಯಾದ್ ವಾಶೆಮ್‌ನಲ್ಲಿ ಸತ್ತವರೊಬ್ಬರಿಗೆ ಒಂದು ಹಾಳೆಯಂತೆ ತುಂಬಿಸಿಡುವ ಸಾಕ್ಷ್ಯಪತ್ರಗಳಿವೆ. ಮನೆಯವರೇ ತುಂಬಬಹುದು. ಈ ಹುಡುಗನ ಹೆಸರಿನಲ್ಲಿ ತಾಯಿ ತುಂಬಿರಲಿಲ್ಲ. ಹುಟ್ಟಿದ ದಿನ ರೂತ್‌ಗೆ ಗೊತ್ತಿತ್ತು, ತಂದೆ-ತಾಯಿಯ ಹೆಸರು ಡೇವಿಡ್ ಬೀರುವಿನಲ್ಲಿತ್ತು. ಇಬ್ಬರೂ ಸೇರಿ ತುಂಬಿದರು.

ರೂತ್ ಅರ್ಜಿ ಹಾಕಿದ್ದಾಳೆ. ಡೇವಿಡ್ ಅರ್ಜಿ ಹಾಕಿಲ್ಲ, ಹಾಕುವುದೂ ಇಲ್ಲವಂತೆ. ಕಲ್ಲಿನ ವಿಷಯದಲ್ಲಿ ಇನ್ನೂ ಜಗಳ ನಡೆದಿದೆ. ಬರ್ಲಿನ್‌ನಲ್ಲಿ ಹೇಗೂ ವರ್ಷಗಟ್ಟಲೆ ಸರದಿಯಿದೆ. ಬೇಗ ರಾಜಿಯಾಗಿ ಎಂದು ನಾನು ಹೇಳಿಲ್ಲ.