ಪ್ರಶ್ನೋತ್ತರ: ಒಂದೇ ಊರು ಮೂರು ಸಲ

ಪ್ರಶ್ನೆ: ನಮ್ಮ ಸಂಘದ ಅಡಿಕೆ ಖರೀದಿ ಲೆಕ್ಕ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ. ಊರುಗಳ ಪಟ್ಟಿಗೆ ‘ಸೆಲೆಕ್ಟ್ ಡಿಸ್ಟಿಂಕ್ಟ್ (ಊರು), ತಾರೀಕು’ ಎಂದು ಕೊಟ್ಟೆ. ಬೋವಿಕ್ಕಾನ ಹತ್ತಾರು ಸಲ ಬಂತು. ತಾರೀಕು ತೆಗೆದರೂ ಮೂರು ಉಳಿದವು. ನೋಡಲು ಮೂರೂ ಒಂದೇ. ಏನು ಮಾಡಲಿ?
– ಓದುಗರು, ಮುಳ್ಳೇರಿಯ

ಉತ್ತರ: ಊರಿಗೆ ಹಾಕಿದ ಕಂಸಕ್ಕೆ ಇಲ್ಲಿ ಬೆಲೆಯಿಲ್ಲ. ಒಂದೇ ಬಗೆಯವನ್ನು ಒಂದೇ ಸಲ ತೋರಿಸುವ ಡಿಸ್ಟಿಂಕ್ಟ್ ನೋಡುವುದು ಇಡೀ ಸಾಲನ್ನು. ತಾರೀಕು ಬೇರೆಯಾದರೆ ಸಾಲೂ ಬೇರೆ. ಅದನ್ನು ನೀವೇ ತೆಗೆದಿರಿ, ಸರಿ.

ಉಳಿದ ಮೂರಕ್ಕೆ ಕಾರಣ ಕಣ್ಣಿಗೆ ಬೀಳುವಂಥದ್ದಲ್ಲ, ಎಣಿಸಿ ನೋಡಬೇಕು. ಊರಿನ ಪಕ್ಕದಲ್ಲಿ, ಸಂಕೇತಗಳನ್ನು ಎಣಿಸುವ ಲೆಂಗ್ತ್(ಊರು) ಸೇರಿಸಿ. ಬೋವಿಕ್ಕಾನಕ್ಕೆ 9 ಬರಬೇಕು (ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ಚಿಹ್ನೆ ಎಲ್ಲಕ್ಕೂ ಒಂದೊಂದು ಲೆಕ್ಕ). 10 ಬಂದರೆ ಹೆಚ್ಚಾಗಿ ಕೊನೆಯಲ್ಲೊಂದು ಸ್ಪೇಸ್ ಅಂಟಿಕೊಂಡಿರುತ್ತದೆ. 11 ಬಂದರೆ ‘ಬೋ’ ಒಡೆದಿದೆ ಎಂದು ತಿಳಿಯಿರಿ: ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ‘ಬೋ’ ಆಗಿಯೇ ಕಾಣುತ್ತವೆ, ಡಿಸ್ಟಿಂಕ್ಟ್‌ಗೆ ಮಾತ್ರ ಬೇರೆ ಬೇರೆ. ಹಳೆಯ ಫಾಂಟಿನ ಕಡತ ಪರಿವರ್ತಿಸಿ ತಂದಲ್ಲಿ ಹೀಗಾಗುವುದುಂಟು.

‘ಸೆಲೆಕ್ಟ್ ಡಿಸ್ಟಿಂಕ್ಟ್ ನಾರ್ಮಲೈಸ್(ಟ್ರಿಮ್(ಊರು))’ ಎಂದು ಕೊಡಿ. ಟ್ರಿಮ್ ತುದಿಯ ಸ್ಪೇಸ್ ತೆಗೆಯುತ್ತದೆ, ನಾರ್ಮಲೈಸ್ ಒಡೆದ ‘ಬೋ’ವನ್ನು ಕೂಡಿಸುತ್ತದೆ. ನಾರ್ಮಲೈಸ್ ಇರುವುದು 13ನೇ ಆವೃತ್ತಿಯಿಂದ ಈಚೆಗೆ, ಅದೂ ಡೇಟಾಬೇಸ್ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿದ್ದರೆ. ಇಷ್ಟಾಗಿಯೂ ಒಂದು 10 ಉಳಿದರೆ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್-ಜಾಯಿನರ್ ಎಂಬ ಸಂಕೇತ ಇರಬಹುದು. ಅದು ಟ್ರಿಮ್‌ಗೂ ನಾರ್ಮಲೈಸ್‌ಗೂ ಬಗ್ಗದು. ರಿಪ್ಲೇಸ್ ಬಳಸಿ ಅದರ ಸಂಕೇತವಾದ ಸಿಎಚ್ಆರ್(8204) ಅನ್ನು ಅಳಿಸಿ. ಫಲಿತಾಂಶ ಸರಿಯೆನಿಸಿದ ಮೇಲೆ ಇದೇ ಸೂತ್ರದಲ್ಲಿ ಅಪ್‌ಡೇಟ್ ಮಾಡಿ, ಆದರೆ ಮೊದಲು ಬಿಗಿನ್ ಕೊಟ್ಟು, ಬದಲಾದ ಸಾಲುಗಳನ್ನು ನೋಡಿಯೇ ಕಮಿಟ್ ಕೊಟ್ಟು ಖಾಯಂ ಮಾಡಿ.

ಮಂಜೇಶ್ವರ–ಮಂಜೇಶ್ವರಂ ಜಗಳವನ್ನು ಯಾವ ಫಂಕ್ಷನ್ನೂ ಬಿಡಿಸದು. ನಮ್ಮ ಕಾಸರಗೋಡಿನ ಕಡೆ ಒಂದೇ ಊರನ್ನು ಕನ್ನಡದಲ್ಲೊಂದು, ಮಲಯಾಳದಲ್ಲೊಂದು ರೂಪದಲ್ಲಿ ಬರೆಯುವವರಿದ್ದಾರೆ. ಊರುಗಳಿಗೇ ಬೇರೆ ಟೇಬಲ್ ಮಾಡಿ, ಖರೀದಿಯಲ್ಲಿ ಊರಿನ ಸಂಖ್ಯೆ ಮಾತ್ರ ಇಡಿ.

ಪ್ರಶ್ನೆ: ಪ್ರತಿ ಸದಸ್ಯರ ಕೊನೆಯ ಖರೀದಿಯ ದರ ಮಾತ್ರ ಬೇಕು. ಮ್ಯಾಕ್ಸ್(ತಾರೀಕು) ಹಾಕಿದರೆ ದರ ಸೇರಿಸಲು ಬಿಡುವುದಿಲ್ಲ.
– ಓದುಗರು, ಬದಿಯಡ್ಕ

ಉತ್ತರ: ಪೋಸ್ಟ್‌ಗ್ರೆಸ್ ಆದರೆ ‘ಸೆಲೆಕ್ಟ್ ಡಿಸ್ಟಿಂಕ್ಟ್ ಆನ್ (ಸದಸ್ಯ) ಸದಸ್ಯ, ತಾರೀಕು, ದರ’, ಕೊನೆಗೆ ‘ಆರ್ಡರ್ ಬೈ ಸದಸ್ಯ, ತಾರೀಕು ಡೆಸ್ಕ್’ (ಡೆಸ್ಕ್ ಎಂದರೆ ಇಳಿಕೆ ಕ್ರಮ, ಹೊಸದು ಮೊದಲು). ಪ್ರತಿ ಸದಸ್ಯರ ಮೊದಲ ಸಾಲು ಮಾತ್ರ ಉಳಿಯುತ್ತದೆ. ಇಲ್ಲಿ ಕಂಸ ಬೇಕೇ ಬೇಕು. ಆರ್ಡರ್ ಬೈನಲ್ಲಿ ಸದಸ್ಯ ಮೊದಲು ಬರದಿದ್ದರೆ ಎರರ್. ಆರ್ಡರ್ ಬೈ ಬಿಟ್ಟರೆ ಎರರ್ ಬರದು, ಯಾವುದೋ ಒಂದು ದಿನದ ದರ ಬರುತ್ತದೆ. ಹೆಚ್ಚು ಅಪಾಯ ಅದರದ್ದೇ. ಒಂದೇ ದಿನ ಎರಡು ಸಲ ಅಡಿಕೆ ತಂದವರಿದ್ದರೆ ರಶೀದಿ ಸಂಖ್ಯೆಯನ್ನೂ ಡೆಸ್ಕ್ ಎಂದು ಸೇರಿಸಿ.