ಐದು ತಿಂಗಳಾದರೂ ವಾಸಿಯಾಗದ ತೊಡೆಯ ನೋವು: ಓದುಗರ ಪ್ರಶ್ನೆಗಳಿಗೆ ಕ್ರೀಡಾ ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರೇ, ನಾನು ಹಾಸನ ಜಿಲ್ಲೆಯ 21 ವರ್ಷದ ಪದವಿ ವಿದ್ಯಾರ್ಥಿ. 400 ಮೀಟರ್ ಓಟ ಮತ್ತು ರಿಲೇ ನನ್ನ ಸ್ಪರ್ಧೆಗಳು. ಐದು ತಿಂಗಳ ಹಿಂದೆ ರಿಲೇಯ ಕೊನೆಯ ಸುತ್ತಿನಲ್ಲಿ ಬಲತೊಡೆಯ ಹಿಂಭಾಗದಲ್ಲಿ ಏನೋ ಕಿತ್ತು ಬಂದಂತಾಗಿ ಟ್ರ್ಯಾಕಿನಲ್ಲೇ ಕುಳಿತುಬಿಟ್ಟೆ. ಮೂರು ವಾರ ಪೂರ್ಣ ವಿಶ್ರಾಂತಿ ಪಡೆದೆ. ನೋವು ಹೋಯಿತು, ಓಡಲು ಆರಂಭಿಸಿದೆ, ನಾಲ್ಕನೇ ದಿನ ಅದೇ ಜಾಗದಲ್ಲಿ ಮತ್ತೆ ಹಿಡಿಯಿತು. ಅಲ್ಲಿಂದೀಚೆಗೆ ಹೀಗೆ ಮೂರು ಸಲ ಆಗಿದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ನೋವಿಲ್ಲ. ವೇಗ ಹೆಚ್ಚಿಸಿದರೆ ಮಾತ್ರ ಬರುತ್ತದೆ. ಎಣ್ಣೆ ಹಚ್ಚಿ ನೀವಿಸಿಕೊಂಡಿದ್ದೇನೆ. ಇಂಜೆಕ್ಷನ್ ಹಾಕಿಸಿಕೊಂಡರೆ ಬೇಗ ಗುಣವಾಗುತ್ತದೆ ಎಂದು ಹಿರಿಯ ಓಟಗಾರರೊಬ್ಬರು ಹೇಳುತ್ತಾರೆ. ಗೆಳೆಯರು ಅಭ್ಯಾಸ ಮಾಡುವುದನ್ನು ನೋಡಲಾರದೆ ಮೈದಾನಕ್ಕೆ ಹೋಗುವುದನ್ನೇ ನಿಲ್ಲಿಸಿದ್ದೇನೆ. ಓಟವನ್ನು ಬಿಟ್ಟುಬಿಡಬೇಕೇ?

ಉತ್ತರ: ಓಟವನ್ನು ಬಿಡಬೇಕಾದ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಆದರೆ ‘ನೋವು ಹೋಯಿತು, ಓಡಲು ಆರಂಭಿಸಿದೆ’ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದೀರಲ್ಲ, ಆ ಎರಡರ ನಡುವೆ ಕೆಲವು ವಾರಗಳ ಕೆಲಸ ನಡೆಯಬೇಕಾಗಿತ್ತು. ಅದು ನಡೆಯದೆ ಹೋದದ್ದರಿಂದಲೇ ಗಾಯ ಮರುಕಳಿಸುತ್ತಿದೆ ಎಂದು ನನಗನ್ನಿಸುತ್ತದೆ.

ತೊಡೆಯ ಹಿಂಭಾಗದಲ್ಲಿ ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುವ ಮೂರು ಸ್ನಾಯುಗಳಿವೆ. ನಾವು ಕುಳಿತಾಗ ನಮ್ಮ ಭಾರ ಹೊರುವ, ಪಿರ್ರೆಯೊಳಗಿನ ಮೂಳೆಯಿಂದ ಹೊರಟು ಅವು ಮೊಣಕಾಲಿನ ಕೆಳಗೆ ಅಂಟಿಕೊಳ್ಳುತ್ತವೆ. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ, ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವ ಗಳಿಗೆಯಲ್ಲಿ, ಮುಂದಕ್ಕೆ ಚಿಮ್ಮುತ್ತಿರುವ ಮೊಣಕಾಲ ಕೆಳಭಾಗವನ್ನು ತಡೆದು ಹಿಡಿಯುವ ಕೆಲಸ ಇವುಗಳದು. ಆಗ ಸ್ನಾಯು ಒಂದೇ ಕಾಲಕ್ಕೆ ಬಿಗಿಯುತ್ತಲೂ ಇರುತ್ತದೆ, ಉದ್ದವಾಗುತ್ತಲೂ ಇರುತ್ತದೆ. ಇಳಿಜಾರಿನಲ್ಲಿ ಉರುಳುವ ಗಾಡಿಯನ್ನು ಹಿಂದಿನಿಂದ ಹಗ್ಗ ಹಿಡಿದು ಜಗ್ಗುವವನ ತೋಳಿಗೆ ಬೀಳುವಂಥ ಹೊರೆ ಅದು. ಓಟಗಾರರಲ್ಲಿ ಬಹುತೇಕ ಹರಿಯುವುದು ಈ ಕ್ಷಣದಲ್ಲಿ, ಹೆಚ್ಚಾಗಿ ಹೊರಬದಿಯ ಸ್ನಾಯುವಿನಲ್ಲಿ. ಗರಿಷ್ಠ ವೇಗದ ಶೇ 80ರಿಂದ 100ರತ್ತ ಹೋಗುವಾಗ ಈ ಹೊರೆ ಕಡಿದಾಗಿ ಏರುತ್ತದೆ. ಮೆಟ್ಟಿಲು ಹತ್ತುವಾಗ ಅದರ ಸಣ್ಣ ಪಾಲೂ ಬೀಳುವುದಿಲ್ಲ. ಹೀಗಾಗಿ ಮೆಟ್ಟಿಲು ಹತ್ತುವಾಗ ನೋವಿಲ್ಲ ಎಂಬುದು 400 ಮೀಟರ್ ಓಟಕ್ಕೆ ಸಿದ್ಧರಾಗಿದ್ದೀರಿ ಎನ್ನುವುದಕ್ಕೆ ಸಾಕ್ಷಿಯಾಗಲಾರದು.

ಸ್ನಾಯು ಹರಿದ ಜಾಗದಲ್ಲಿ ಮೊದಲು ರಕ್ತ ಕಟ್ಟಿ ಬಾವು ಬರುತ್ತದೆ. ಕೆಲವೇ ದಿನಗಳಲ್ಲಿ, ಸ್ನಾಯುವಿನ ಎಳೆಗಳ ಅಂಚಿನಲ್ಲಿ ಸುಮ್ಮನಿದ್ದ ವಿಶೇಷ ಜೀವಕೋಶಗಳು ಎಚ್ಚೆತ್ತು ಹೊಸ ಎಳೆಗಳನ್ನು ಕಟ್ಟತೊಡಗುತ್ತವೆ, ಜೊತೆಜೊತೆಗೇ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬಿಕೊಂಡು ಗಾಯದ ಕಲೆಯೂ ಬೆಳೆಯುತ್ತದೆ. ಈ ಹೊಸ ಎಳೆಗಳು ಮೊದಲಿಗೆ ಅಡ್ಡಾದಿಡ್ಡಿಯಾಗಿರುತ್ತವೆ. ಹದವಾದ ಹೊರೆ ಬಿದ್ದಾಗ ಮಾತ್ರ ಎಳೆತದ ದಿಕ್ಕಿಗೆ ಸಾಲುಗೂಡಿ ಬಲವಾಗುತ್ತವೆ, ಮತ್ತು ಈ ಹಂತ ತಿಂಗಳುಗಟ್ಟಲೆ ನಡೆಯುತ್ತದೆ. ನೋವಾದರೋ ಬಹಳ ಮುಂಚೆಯೇ ಮಾಯವಾಗಿಬಿಡುತ್ತದೆ. ಪೂರ್ಣ ವಿಶ್ರಾಂತಿಯಲ್ಲಿ ಮೂರು ವಾರ ಕಳೆದ ನಿಮ್ಮ ತೊಡೆಗೆ ನೋವು ಕಡಿಮೆಯಾಗಿತ್ತು, ಆದರೆ ಉಳಿದ ಸ್ನಾಯುವೂ ಸೇರಿ ಎಲ್ಲವೂ ದುರ್ಬಲವಾಗಿತ್ತು. 2017ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೊಡೆ ಅಥವಾ ಮೀನಖಂಡದ ಸ್ನಾಯು ಹರಿದ 50 ಕ್ರೀಡಾಪಟುಗಳಲ್ಲಿ ಅರ್ಧದಷ್ಟು ಜನರಿಗೆ ಗಾಯವಾದ 2 ದಿನಕ್ಕೆ, ಉಳಿದವರಿಗೆ 9 ದಿನಕ್ಕೆ ವ್ಯಾಯಾಮ ಆರಂಭಿಸಿದರು. ಬೇಗ ಆರಂಭಿಸಿದವರು ಸುಮಾರು 63 ದಿನಗಳಲ್ಲಿ ಆಟಕ್ಕೆ ಮರಳಿದರೆ, ತಡವಾದವರಿಗೆ 83 ದಿನ ಬೇಕಾಯಿತು. ಒಂದು ವಾರದ ವಿಶ್ರಾಂತಿಯ ಬೆಲೆ ಮೂರು ವಾರ! ‘ಪೂರ್ತಿ ರೆಸ್ಟ್ ಮಾಡು’ ಎಂದು ನಿಮಗೆ ಹೇಳಿದವರ ಕಾಳಜಿಯನ್ನು ನಾನು ಶಂಕಿಸುವುದಿಲ್ಲ, ಆ ಸಲಹೆಯನ್ನು ಮಾತ್ರ ಒಪ್ಪಲಾರೆ.

ಇನ್ನೊಂದು ಸಾಧ್ಯತೆಯನ್ನೂ ನೋಡಬೇಕು. ಹ್ಯಾಮ್‌ಸ್ಟ್ರಿಂಗ್‌ನ ಮಾಂಸದ ಒಳಗೇ, ಎಲೆಯ ನಡುನರದಂತೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ಹುರಿ, ಅಂದರೆ ಸ್ನಾಯುರಜ್ಜು (ಟೆಂಡನ್), ಹಾದುಹೋಗುತ್ತದೆ. ಬರಿಯ ಮಾಂಸದ ಭಾಗ ಹರಿದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ರಕ್ತಸಂಚಾರ ಕಡಿಮೆಯಿರುವ ರಜ್ಜು ಹರಿದರೆ ಅದು ತಿಂಗಳುಗಳ ಮಾತು, ಮರುಕಳಿಸುವ ಸಂಭವವೂ ಹೆಚ್ಚು. ಬ್ರಿಟನ್ನಿನ ಅಥ್ಲೆಟಿಕ್ಸ್ ವೈದ್ಯರು 2014ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ ರಜ್ಜುವಿನ ಗಾಯಕ್ಕೆ ಪ್ರತ್ಯೇಕ ಗುರುತನ್ನೇ ಇಟ್ಟಿರುವುದು ಈ ಕಾರಣಕ್ಕೆ. ನಮ್ಮ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಖನೌದಲ್ಲಿ ಚೆಂಡನ್ನು ಬೆನ್ನಟ್ಟುವಾಗ ಗಾಯಗೊಂಡದ್ದು ನಿಮಗೆ ನೆನಪಿರಬಹುದು. ಅವರ ತೊಡೆಯ ರಜ್ಜುವಿಗೆ ಶಸ್ತ್ರಚಿಕಿತ್ಸೆಯಾಯಿತು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ನಡೆಯಿತು, ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಹೊಡೆದರು. ಅಷ್ಟು ಸೌಕರ್ಯವಿದ್ದೂ ನಾಲ್ಕು ತಿಂಗಳು ಬೇಕಾಯಿತು, ಮುಂದಿನ ವರ್ಷ ಬಲತೊಡೆಯ ನೋವಿನಿಂದ ಇಂಗ್ಲೆಂಡ್ ವಿರುದ್ಧದ ಟೆಸ್ಟ್‌ಗಳನ್ನೂ ಅವರು ತಪ್ಪಿಸಿಕೊಂಡರು. ಸ್ವೀಡನ್ನಿನಲ್ಲಿ ಮೊದಲ ಸಲ ಹ್ಯಾಮ್‌ಸ್ಟ್ರಿಂಗ್ ಗಾಯವಾದ ವೇಗದ ಓಟಗಾರರನ್ನು ಗಮನಿಸಿದಾಗಲೂ, ಹಿಂದಿನ ಮಟ್ಟಕ್ಕೆ ಮರಳಲು ಅವರಿಗೆ ಸುಮಾರು 16 ವಾರ ಹಿಡಿದಿತ್ತು. ಆದ್ದರಿಂದ ನಿಮ್ಮ ದೇಹದಲ್ಲಿ ಮಾತ್ರ ಏನೋ ಕೊರತೆಯಿದೆ ಎಂದು ಕೊರಗಬೇಡಿ.

ನೀವು ಮೊದಲು ಮಾಡಬೇಕಾದದ್ದು ಎಂಆರ್‌ಐ ಸ್ಕ್ಯಾನ್ ಮಾಡಿಸಿ, ಕ್ರೀಡಾ ಗಾಯಗಳನ್ನು ನೋಡುವ ವೈದ್ಯರಿಗೆ ತೋರಿಸುವುದು. ಮೂರು ಸಲ ಮರುಕಳಿಸಿದ ಗಾಯಕ್ಕೆ ಆ ಖರ್ಚು ಅಗತ್ಯವಾದದ್ದೇ. ಕೆಮ್ಮಿದಾಗ ನೋವು ಹೆಚ್ಚುವುದು, ಮೊಣಕಾಲ ಕೆಳಗೆ ಜುಮುಗುಡುವುದು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಸೊಂಟದ ನರದ ತೊಂದರೆಯೂ ತೊಡೆಯ ಹಿಂದೆ ಇದೇ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಆಮೇಲಿನದು ಫಿಸಿಯೋಥೆರಪಿಸ್ಟ್ ಜೊತೆಗಿನ ಕೆಲಸ. ಜಿಮ್‌ನಲ್ಲಿ ಮಲಗಿ ಮೊಣಕಾಲು ಮಡಿಸುವ ಯಂತ್ರದ ವ್ಯಾಯಾಮವಷ್ಟೇ ಸಾಲದು, ಏಕೆಂದರೆ ನಿಮ್ಮ ಸ್ನಾಯು ಸೋಲುತ್ತಿರುವುದು ಉದ್ದವಾಗುತ್ತಾ ಭಾರ ಹೊರುವಾಗ. ಬೆನ್ನು ನೇರವಾಗಿಟ್ಟು ಸೊಂಟದಿಂದ ಬಾಗಿ ಭಾರ ಇಳಿಸಿ ಎತ್ತುವುದು, ಮಲಗಿ ಹಿಮ್ಮಡಿಗಳ ಮೇಲೆ ಸೊಂಟವನ್ನೆತ್ತಿ ಪಾದಗಳನ್ನು ನಿಧಾನವಾಗಿ ದೂರ ಸರಿಸುವುದು, ಕೊನೆಯ ಹಂತದಲ್ಲಿ, ಮಂಡಿಯೂರಿ ಗೆಳೆಯನಿಂದ ಹಿಮ್ಮಡಿ ಹಿಡಿಸಿಕೊಂಡು ದೇಹವನ್ನು ಮುಂದಕ್ಕೆ ಮೆಲ್ಲಗೆ ಇಳಿಸುವ ನಾರ್ಡಿಕ್ ವ್ಯಾಯಾಮ, ಇವು ನಿಮಗೆ ಬೇಕು. ನಾರ್ಡಿಕ್ ವ್ಯಾಯಾಮವನ್ನು ತಪ್ಪದೆ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿವೆ. ಅದಕ್ಕೆ ಬೇಕಾದದ್ದು ಒಂದು ಚಾಪೆ ಮತ್ತು ಒಬ್ಬ ಗೆಳೆಯ. ವ್ಯಾಯಾಮದ ವೇಳೆ ತುಸು ನೋವು ಬಂದರೆ ಹೆದರಬೇಡಿ. ಹತ್ತಕ್ಕೆ ಮೂರರಷ್ಟು ನೋವಿದ್ದು, ಮರುದಿನ ಬೆಳಗ್ಗೆ ಅದು ಹೆಚ್ಚದೆ ಇದ್ದರೆ ಮುಂದುವರಿಯಬಹುದು.

ಓಟವನ್ನೂ ಮೆಟ್ಟಿಲು ಮೆಟ್ಟಿಲಾಗಿ ತನ್ನಿ. ಗರಿಷ್ಠ ವೇಗದ ಅರ್ಧದಿಂದ ಶುರುಮಾಡಿ ಶೇ 60, 70, 80 ಎಂದು ಏರಿಸುವಾಗ ಒಂದೊಂದು ಹಂತದಲ್ಲಿ ಎರಡು ಮೂರು ದಿನದ ಅಭ್ಯಾಸ ಸಾಕಾಗಬಹುದು. 80ರ ನಂತರ 85, 90, 95 ಎಂದು ಚಿಕ್ಕ ಹೆಜ್ಜೆಗಳನ್ನಿಟ್ಟು, ನಡುವೆ ದಿನ ಬಿಟ್ಟು ದಿನ ಬಿಡುವು ಕೊಡಿ. ನಿಮಗೆ ಮೂರು ಸಲವೂ ಹಿಡಿದದ್ದು ಇಲ್ಲಿಯೇ ಇರಬೇಕು. ಸ್ಪರ್ಧೆಗೆ ಮೊದಲು ಅಭ್ಯಾಸದಲ್ಲಿ ಹಲವು ಸಲ ಪೂರ್ಣ ವೇಗದಲ್ಲಿ ಓಡಿರಬೇಕು, ಒತ್ತಿ ನೋಡಿದರೆ ನೋವಿರಬಾರದು, ಗಾಯವಾದ ಬಲಗಾಲಿನ ಶಕ್ತಿ ಎಡಗಾಲಿನದಕ್ಕಿಂತ ಶೇ 10ಕ್ಕೂ ಮೀರಿ ಕುಗ್ಗಿರಬಾರದು. ಕೊನೆಯದಾಗಿ ಒಂದು ಪರೀಕ್ಷೆ: ಅಂಗಾತ ಮಲಗಿ, ಮೊಣಕಾಲು ಬಾಗದಂತೆ ಪಟ್ಟಿ ಕಟ್ಟಿಸಿಕೊಂಡು, ಕಾಲನ್ನು ಸಾಧ್ಯವಾದಷ್ಟು ವೇಗವಾಗಿ ಮೇಲಕ್ಕೆ ಬೀಸಬೇಕು. ನೋವಿಲ್ಲದಿದ್ದರೂ ‘ಎಲ್ಲಿ ಹಿಡಿಯುತ್ತದೋ’ ಎಂಬ ಅಳುಕು ಬಂದರೆ ಇನ್ನೂ ಒಂದೆರಡು ವಾರ ಕಾಯಬೇಕು. ಅಳುಕನ್ನೂ ಲಕ್ಷಣವೆಂದು ಗಣಿಸುವ ಈ ಪರೀಕ್ಷೆಯ ಬಗ್ಗೆ ನನಗೆ ತುಂಬ ಗೌರವವಿದೆ.

ಇಂಜೆಕ್ಷನ್ ವಿಷಯದಲ್ಲಿ ನಾನು ಖಂಡಿತವಾಗಿ ಹೇಳುತ್ತೇನೆ, ಆತುರಪಡಬೇಡಿ. ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಮರೆಸುತ್ತದೆ, ರಜ್ಜುವನ್ನು ದುರ್ಬಲಗೊಳಿಸಬಹುದು. ಮೇಲಾಗಿ 2022ರ ಜನವರಿಯಿಂದ ಸ್ಪರ್ಧೆಯ ಅವಧಿಯಲ್ಲಿ ಇಂಥ, ಅಂದರೆ ಕಾರ್ಟಿಸೋನ್ ಜಾತಿಯ, ಯಾವುದೇ ಬಗೆಯ ಸ್ಟೀರಾಯ್ಡ್ ಇಂಜೆಕ್ಷನ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷಿದ್ಧ ಪಟ್ಟಿಯಲ್ಲಿದೆ. ಸ್ವಂತ ರಕ್ತದಿಂದ ತಯಾರಿಸುವ ಪಿಆರ್‌ಪಿ ಎಂಬ ಇಂಜೆಕ್ಷನ್ ನಿಷಿದ್ಧವಲ್ಲ, ಆದರೆ 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯವಾದ 80 ಕ್ರೀಡಾಪಟುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದನ್ನು ಪಡೆದವರೂ ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರೂ ಒಂದೇ ಅವಧಿಯಲ್ಲಿ, 42 ದಿನಗಳಲ್ಲಿ, ಮರಳಿದರು. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ. ನೀವಿಸಿಕೊಳ್ಳುವುದರಿಂದ ಈಗ ಹಾಯೆನಿಸಬಹುದು, ಹಾನಿಯಿಲ್ಲ. ಗಾಯವಾದ ಮೊದಲ ದಿನಗಳಲ್ಲಿ ಮಾತ್ರ ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ.

ಓಡುತ್ತಿಲ್ಲವೆಂದು ಊಟ ಕಡಿಮೆ ಮಾಡಿದ್ದೀರಾ? ತುಂಬ ಹುಡುಗರು ಹಾಗೆ ಮಾಡುತ್ತಾರೆ, ಅದು ತಪ್ಪು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಎಂದರೆ 62 ಕಿಲೋ ಇರುವವರಿಗೆ ಸುಮಾರು 100 ಗ್ರಾಂ. ಹಾಸ್ಟೆಲ್ಲಿನ ಮುದ್ದೆ-ಸಾರಿನಿಂದಷ್ಟೇ ಅದು ಬರುವುದಿಲ್ಲ. ಹುರುಳಿ, ಕಡಲೆಯಂಥ ಕಾಳು, ಮೊಟ್ಟೆ, ಹಾಲು-ಮೊಸರು, ಮಾಂಸ ತಿನ್ನುವವರಾದರೆ ಮೀನು-ಕೋಳಿ ಸೇರಬೇಕು.

ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದೇನೆ ಎಂಬ ನಿಮ್ಮ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಬೆಳಗಿನ ಐದೂವರೆಗೆ ಎದ್ದು ಸ್ಪೈಕ್ಸ್ ಕಟ್ಟಿಕೊಳ್ಳುತ್ತಿದ್ದವನಿಗೆ ಆ ಹೊತ್ತು ಖಾಲಿಯಾದರೆ ಇಡೀ ದಿನವೇ ಖಾಲಿಯಾದಂತೆ. ಅದೇ ಹೊತ್ತಿಗೆ, ಅದೇ ಮೈದಾನಕ್ಕೆ ಹೋಗಿ ನಿಮ್ಮ ವ್ಯಾಯಾಮಗಳನ್ನು ಅಲ್ಲಿಯೇ ಮಾಡಿ; ಗೆಳೆಯರ ಸ್ಟಾಪ್‌ವಾಚ್ ಹಿಡಿಯಿರಿ, ರಿಲೇ ಬ್ಯಾಟನ್ ಬದಲಾವಣೆಯನ್ನು ನಿಂತಲ್ಲೇ ಅಭ್ಯಾಸ ಮಾಡಿ, ಸೈಕಲ್ ತುಳಿದು ಉಸಿರಿನ ಶಕ್ತಿ ಉಳಿಸಿಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಎತ್ತಿದ ಭಾರ, ಓಡಿದ ವೇಗ, ಮರುದಿನದ ನೋವು ಇವನ್ನು ಬರೆದಿಡಿ. ದಿನದಿಂದ ದಿನಕ್ಕೆ ಕಾಣದ ಪ್ರಗತಿ ತಿಂಗಳ ಹಾಳೆ ತಿರುವಿದಾಗ ಕಾಣುತ್ತದೆ. ಕೋಚ್ ಎದುರು ನೋವನ್ನು ಮುಚ್ಚಿಡಬೇಡಿ. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ 2022ರ ಜುಲೈನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಗೆದ್ದಾಗ ಆದ ತೊಡೆಸಂದಿನ ಗಾಯದಿಂದ, ಕೆಲವೇ ದಿನಗಳಲ್ಲಿದ್ದ ಕಾಮನ್‌ವೆಲ್ತ್ ಕ್ರೀಡಾಕೂಟವನ್ನೇ ಬಿಟ್ಟುಕೊಟ್ಟರು. ಆಗಸ್ಟ್ ಕೊನೆಗೆ ಲೊಸಾನ್‌ನಲ್ಲಿ 89.08 ಮೀಟರ್ ಎಸೆದರು. ಬಿಟ್ಟುಕೊಡುವ ಆ ನಿರ್ಧಾರ ಅವರಿಗೂ ಸುಲಭವಾಗಿರಲಿಕ್ಕಿಲ್ಲ. ಎರಡು ವಾರ ಕಳೆದರೂ ನಿದ್ರೆ, ಹಸಿವು ಸರಿಯಾಗದೆ ಯಾವುದರಲ್ಲೂ ಆಸಕ್ತಿ ಮೂಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನನ್ನ 14 ವರ್ಷದ ಮಗಳು ಉದ್ದಜಿಗಿತದ ಅಭ್ಯಾಸದಲ್ಲಿ ಪಿರ್ರೆಯ ಕೆಳಗೆ ‘ಟಪ್’ ಎಂದು ಸದ್ದಾಗಿ ಬಿದ್ದಳು. ಮಸಲ್ ಪುಲ್ ಎಂದು ಎರಡು ವಾರ ಮುಲಾಮು ಹಚ್ಚಿದೆವು. ಈಗಲೂ ಬೆಂಚಿನ ಮೇಲೆ ಕೂರಲು ಕಷ್ಟಪಡುತ್ತಾಳೆ. (ಓದುಗರು, ಶಿವಮೊಗ್ಗ)

ಉತ್ತರ: ಅಮ್ಮಾ, ದಯವಿಟ್ಟು ನಾಳೆಯೇ ಸೊಂಟದ ಎಕ್ಸ್‌ರೇ ತೆಗೆಸಿ. ಈ ವಯಸ್ಸಿನಲ್ಲಿ ಸ್ನಾಯು ಅಂಟಿಕೊಂಡಿರುವ ಮೂಳೆಯ ತುದಿ ಇನ್ನೂ ಬೆಳೆಯುತ್ತಿದ್ದು, ಮೃದ್ವಸ್ಥಿಯ (ಕಾರ್ಟಿಲೇಜ್, ಮೂಳೆಗಿಂತ ಮೆತ್ತಗಿನ ಅಂಗಾಂಶ) ಪದರದಿಂದ ಮುಖ್ಯ ಮೂಳೆಗೆ ಸೇರಿರುತ್ತದೆ. ಆ ಪದರ ಸ್ನಾಯುವಿಗಿಂತ ದುರ್ಬಲ. ದೊಡ್ಡವರಲ್ಲಿ ಸ್ನಾಯು ಹರಿಯುವಂಥ ಎಳೆತಕ್ಕೆ ಮಕ್ಕಳಲ್ಲಿ ಮೂಳೆಯ ಚೂರೇ ಕಿತ್ತು ಬರಬಹುದು. ಚೂರು ಹೆಚ್ಚು ಸರಿದಿರದಿದ್ದರೆ ಊರುಗೋಲು, ವಿಶ್ರಾಂತಿ, ಹಂತಹಂತದ ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತದೆ. ಬಹಳ ಸರಿದಿದ್ದರೆ ಮೂಳೆತಜ್ಞರು ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ. ಎಕ್ಸ್‌ರೇ ಆಗುವವರೆಗೆ ಕಾಲನ್ನು ಎಳೆದು ಸ್ಟ್ರೆಚ್ ಮಾಡಿಸಬೇಡಿ. ಹದಿನಾರು ವಾರದ ಲೆಕ್ಕ, ನಾರ್ಡಿಕ್ ವ್ಯಾಯಾಮ ಎಂದೆಲ್ಲ ಮೇಲೆ ಬರೆದದ್ದು ಅವಳಿಗೆ ಸದ್ಯಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ನನಗೆ 47 ವರ್ಷ, ಹಾಫ್ ಮ್ಯಾರಥಾನ್ ಓಡುತ್ತೇನೆ. ಮೀನಖಂಡದ ಆಳದಲ್ಲಿ ಮೂರು ತಿಂಗಳಿಂದ ನೋವು. ಐದು ಕಿಲೋಮೀಟರ್ ದಾಟಿದ ಮೇಲೆ ಬಿಗಿಯಾಗುತ್ತದೆ. (ಓದುಗರು, ಧಾರವಾಡ)

ಉತ್ತರ: ಮೀನಖಂಡದಲ್ಲಿ ಹೊರಗೆ ಉಬ್ಬಿ ಕಾಣುವ ಸ್ನಾಯುವಿನ ಕೆಳಗೆ ಸೋಲಿಯಸ್ ಎಂಬ ಚಪ್ಪಟೆ ಸ್ನಾಯುವಿದೆ. ದೀರ್ಘ ಓಟದ ಹೊರೆಯ ದೊಡ್ಡ ಪಾಲು ಅದರದ್ದೇ. ಅದರ ಗಾಯ ಒಮ್ಮೆಲೇ ಕಿತ್ತಂತೆ ಬರುವುದು ಕಡಿಮೆ, ಬಿಗಿತವಾಗಿ ಮೆಲ್ಲಗೆ ಸೇರಿಕೊಳ್ಳುತ್ತದೆ. ಹಾಗಾಗಿ ಓಡುವವರು ಅಲಕ್ಷಿಸುತ್ತಾರೆ. ಮೊಣಕಾಲು ನೇರವಿದ್ದಾಗ ಮಾಡುವ ಹಿಮ್ಮಡಿ ಎತ್ತುವ ವ್ಯಾಯಾಮ ಹೊರಗಿನ ಸ್ನಾಯುವಿಗೆ ಹೆಚ್ಚು ತಾಗುತ್ತದೆ. ನೀವು ಕುರ್ಚಿಯಲ್ಲಿ ಕುಳಿತು, ಮೊಣಕಾಲಿನ ಮೇಲೆ ಅಕ್ಕಿಯ ಚೀಲವನ್ನೋ ಡಂಬೆಲ್ಲನ್ನೋ ಇಟ್ಟುಕೊಂಡು ಹಿಮ್ಮಡಿ ಎತ್ತಿ ಇಳಿಸಿ, ವಾರ ವಾರ ಭಾರ ಹೆಚ್ಚಿಸಿ. ಓಟವನ್ನು ನೋವು ಶುರುವಾಗುವ ದೂರಕ್ಕಿಂತ ಮೊದಲೇ ನಿಲ್ಲಿಸಿ, ಅಂದರೆ ಸದ್ಯಕ್ಕೆ ನಾಲ್ಕು ಕಿಲೋಮೀಟರ್; ಏರು ರಸ್ತೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ವ್ಯಾಯಾಮ ಆರಂಭಿಸುವ ಮೊದಲೇ ಒಂದನ್ನು ಖಚಿತಪಡಿಸಿಕೊಳ್ಳಬೇಕು. ಆ ಕಾಲು ಊದಿಕೊಂಡು ಬೆಚ್ಚಗಿದ್ದರೆ, ಸುಮ್ಮನಿದ್ದಾಗಲೂ ನೋಯುತ್ತಿದ್ದರೆ, ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು. ಅದೇ ದಿನ ಆಸ್ಪತ್ರೆಯಲ್ಲಿ, ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಪರೀಕ್ಷೆ ಮಾಡಿಸಿ. ಜೊತೆಗೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಡಮಾಡದೆ ಆಂಬುಲೆನ್ಸ್ ಕರೆಸಿ.