ಪುನುಗು ಬೆಕ್ಕಿನ ಹಿಕ್ಕೆಯಿಂದ ಆರಿಸಿದ ಕಾಫಿ ಬೀಜದಿಂದ ಸಾರ್ಸ್ ಬರುವುದೇ?

ಸಿದ್ದಾಪುರದ ಕಡೆ ತೋಟವಿರುವ ತಾವು ಎರಡು ಸಂಗತಿ ಕೇಳಿದ್ದೀರಿ. ತೋಟದಲ್ಲಿ ಬಿದ್ದ ಪುನುಗು ಬೆಕ್ಕಿನ ಹಿಕ್ಕೆಯಲ್ಲಿರುವ ಕಾಫಿ ಬೀಜವನ್ನು ಕೆಲಸದವರಿಂದ ಆರಿಸಿ ಮಾರಿದರೆ, ವೈರಾಣುವಿನಿಂದ ಬರುವ ತೀವ್ರ ಶ್ವಾಸಕೋಶದ ಕಾಯಿಲೆಯಾದ ಸಾರ್ಸ್ ತಗಲುವುದೇ ಎಂಬುದು ಒಂದು. ಹೆಚ್ಚು ಬೀಜ ಬೇಕೆನ್ನುವ ವ್ಯಾಪಾರಿಯ ಮಾತಿನಂತೆ ನಾಲ್ಕು ಬೆಕ್ಕುಗಳನ್ನು ಗೂಡಿನಲ್ಲಿಟ್ಟು ಹಣ್ಣು ತಿನ್ನಿಸಬಹುದೇ ಎಂಬುದು ಇನ್ನೊಂದು. ನಾನು ಪಶುವೈದ್ಯ, ಮಡಿಕೇರಿ ಸಮೀಪ ನಮ್ಮದೂ ಒಂದು ಸಣ್ಣ ರೊಬಸ್ಟಾ ಕಾಫಿ ತೋಟವಿದೆ. ಮೊದಲನೆಯದಕ್ಕೆ ಹೆದರಬೇಕಿಲ್ಲ, ಎರಡನೆಯದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಸಾರ್ಸ್ ಕಾಣಿಸಿಕೊಂಡದ್ದು 2002ರ ನವೆಂಬರಿನಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಮರುವರ್ಷದ ಜುಲೈ ವೇಳೆಗೆ ಅದು 8,096 ಮಂದಿಗೆ ತಗಲಿ, ಅವರಲ್ಲಿ 774 ಮಂದಿ ತೀರಿಕೊಂಡರು. ಮೊದಮೊದಲ ರೋಗಿಗಳಲ್ಲಿ ಕಾಡುಪ್ರಾಣಿಗಳ ವ್ಯಾಪಾರಿಗಳು, ಅವುಗಳ ಮಾಂಸ ಬೇಯಿಸುವ ಅಡುಗೆಯವರು ಹಲವರಿದ್ದುದರಿಂದ, 2003ರ ಮೇ ತಿಂಗಳಲ್ಲಿ ಶೆನ್‌ಜೆನ್ ನಗರದ ಜೀವಂತ ಪ್ರಾಣಿಗಳ ಮಾರುಕಟ್ಟೆಯಲ್ಲಿ ಪರೀಕ್ಷೆ ನಡೆಸಿದಾಗ ಪುನುಗು ಬೆಕ್ಕಿನ ಒಂದು ಜಾತಿಯಲ್ಲಿ ಬಹುಮಟ್ಟಿಗೆ ಅದೇ ವೈರಾಣು ಸಿಕ್ಕಿತು. 2004ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಸಾವಿರಾರು ಬೆಕ್ಕುಗಳನ್ನು ಕೊಲ್ಲಿಸಿತು. ನಮ್ಮ ಊರಿನಲ್ಲಿ ಈ ಬೆಕ್ಕಿನ ಮೇಲೆ ಇಂದಿಗೂ ಉಳಿದಿರುವ ಅಪವಾದ ಅಲ್ಲಿಂದ ಬಂದದ್ದು.

ಆದರೆ ಆಮೇಲೆ ತಿಳಿದುಬಂದ ಸಂಗತಿ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ಸಾಕಣೆ ಕೇಂದ್ರಗಳಲ್ಲಿದ್ದ ಬೆಕ್ಕುಗಳಲ್ಲಿ ಈ ಸೋಂಕು ವಿರಳವಾಗಿತ್ತು, ಮಾರುಕಟ್ಟೆಯ ಪಂಜರಗಳಲ್ಲಿದ್ದವುಗಳಲ್ಲಿ ವ್ಯಾಪಕವಾಗಿತ್ತು. ಅಂದರೆ ಬೆಕ್ಕು ಈ ವೈರಾಣುವಿನ ತವರಲ್ಲ. 2005ರಲ್ಲಿ ಇದರ ಹತ್ತಿರದ ಬಂಧುಗಳು ಕುದುರೆಲಾಳದಂತಹ ಮೂಗಿನ ಬಾವಲಿಗಳಲ್ಲಿ ಪತ್ತೆಯಾದವು. ಮೇಲಿನ ಪಂಜರದ ಮಲ ಕೆಳಗಿನ ಪ್ರಾಣಿಯ ಮೈಮೇಲೆ ಬೀಳುವಷ್ಟು ಇಕ್ಕಟ್ಟಿನಲ್ಲಿ, ಹೆದರಿ ಸೊರಗಿದ ಬೇರೆ ಬೇರೆ ಜಾತಿಯ ಪ್ರಾಣಿಗಳನ್ನು ಒಟ್ಟಿಗೆ ಕೂಡಿಹಾಕಿದಾಗ ವೈರಾಣು ಒಂದರಿಂದ ಒಂದಕ್ಕೆ ದಾಟುತ್ತಾ ಮಾರ್ಪಡುತ್ತದೆ. ಅದರ ಹೊರಮೈಯ ಮುಳ್ಳುಗಳಲ್ಲಿ ಕೆಲವೇ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿ ತುಣುಕುಗಳು, ಬದಲಾದರೂ ಮನುಷ್ಯನ ಶ್ವಾಸಕೋಶದ ಕೋಶಕ್ಕೆ ಅಂಟಿಕೊಳ್ಳುವ ಶಕ್ತಿ ಅದಕ್ಕೆ ಬರುತ್ತದೆ. 2004ರ ನಂತರ ಸಾರ್ಸ್ ಎಲ್ಲಿಯೂ ವರದಿಯಾಗಿಲ್ಲ. ಕೋವಿಡ್ ಅದೇ ಬಳಗದ ಬೇರೆ ವೈರಾಣುವಿನಿಂದ ಬಂದದ್ದು.

ಇನ್ನು ನಮ್ಮ ತೋಟದ ಮಾತು. ಚೀನಾದಲ್ಲಿ ಸಿಕ್ಕಿಬಿದ್ದ ಆ ಜಾತಿ ನಮ್ಮ ಘಟ್ಟದಲ್ಲಿ ಇಲ್ಲ. ಇಲ್ಲಿರುವುದು ಹಂಚಿನ ಮನೆಯ ಅಟ್ಟದಲ್ಲೂ ಸಂಸಾರ ಹೂಡುವ ಸಾಮಾನ್ಯ ಕಬ್ಬೆಕ್ಕು, ಮತ್ತು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಕಂದು ಕಬ್ಬೆಕ್ಕು. ಕೊಯ್ಲಿನ ದಿನಗಳಲ್ಲಿ ಬೆಳಗಿನ ಇಬ್ಬನಿ ಆರುವ ಮುನ್ನ ಹೋದರೆ, ಬಂಡೆಯ ಮೇಲೋ ಬಿದ್ದ ಮರದ ಬೊಡ್ಡೆಯ ಮೇಲೋ ಕಡಲೆ ಮಿಠಾಯಿಯಂತೆ ಒತ್ತೊತ್ತಾಗಿ ಅಂಟಿಕೊಂಡ ಬೀಜಗಳು ಕಾಣುತ್ತವೆ. ಹಣ್ಣಿನ ತಿರುಳು ಜೀರ್ಣವಾಗಿ, ಬೀಜವನ್ನು ಸುತ್ತಿದ ಗಟ್ಟಿ ಪಾರ್ಚ್‌ಮೆಂಟ್ ಸಿಪ್ಪೆ ಹಾಗೆಯೇ ಉಳಿದಿರುತ್ತದೆ. ನಮ್ಮ ಅಜ್ಜಿ ಅದನ್ನು ಏಳೆಂಟು ನೀರಿನಲ್ಲಿ ತೊಳೆದು ಮನೆಗಷ್ಟೇ ಇಟ್ಟುಕೊಳ್ಳುತ್ತಿದ್ದರು. ಈಗ ಅದಕ್ಕೆ ಬಂದಿರುವ ಬೆಲೆ ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ.

ಈ ಕೆಲಸದಲ್ಲಿ ನಿಜವಾಗಿ ಅಂಜಬೇಕಾದುದು ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಕ್ಕೆ ಮತ್ತು ಜಂತುಹುಳುವಿನ ಮೊಟ್ಟೆಗಳಿಗೆ. ಆರಿಸುವವರಿಗೆ ಕೈಗವಸು ಕೊಡಿ, ಸೋಪು ಹಚ್ಚಿ ಕೈ ತೊಳೆಯದೆ ಎಲೆ ಅಡಿಕೆ ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಬೀಜವನ್ನು ಬೇರೆ ಕಣದಲ್ಲಿ ಒಣಗಿಸಿ ಸಿಪ್ಪೆ ತೆಗೆಸಿ. ಸಾರ್ಸ್ ವೈರಾಣು 56 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಬೇಗ ನಾಶವಾಗುತ್ತದೆ, ಕಾಫಿ ಹುರಿಯುವುದು 200 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಕುಡಿಯುವವರಿಗೆ ಏನೂ ಆಗದು.

ಗೂಡಿನ ವಿಷಯಕ್ಕೆ ಬಂದರೆ, ಒಮ್ಮೆ ಒಂದು ತೋಟಕ್ಕೆ ಹಸು ನೋಡಲು ಹೋದಾಗ ಕೋಳಿಗೂಡಿನ ಮೇಲಂಕಣದಲ್ಲಿ ಎರಡು ಕಬ್ಬೆಕ್ಕುಗಳನ್ನು ಕಂಡಿದ್ದೆ. ಬರೀ ಕಾಫಿ ಹಣ್ಣು ತಿಂದು ಅವಕ್ಕೆ ಭೇದಿ ಹತ್ತಿತ್ತು, ಒಂದು ತನ್ನ ಬಾಲವನ್ನೇ ಕಚ್ಚಿ ಹುಣ್ಣು ಮಾಡಿಕೊಂಡಿತ್ತು, ಕೆಳಗೆ ಕೋಳಿಗಳು, ಸೂರಿನಲ್ಲಿ ಬಾವಲಿಗಳು. ಗುವಾಂಗ್‌ಡಾಂಗ್‌ನ ಮಾರುಕಟ್ಟೆಯ ಸಣ್ಣ ನಕಲು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹೀಗೆ ಹಿಡಿದಿಡುವುದು ಅಪರಾಧವೂ ಹೌದು. ತೋಟದಲ್ಲಿ ತಾನಾಗಿ ಸಿಕ್ಕಷ್ಟು ಬೀಜ ಮಾತ್ರ ಕೊಡುತ್ತೇನೆಂದು ಆ ವ್ಯಾಪಾರಿಗೆ ಹೇಳಿಬಿಡಿ. ಎಲ್ಲಾದರೂ ಸತ್ತ ಬೆಕ್ಕು ಕಂಡರೆ ಬರಿಗೈಯಲ್ಲಿ ಮುಟ್ಟದೆ, ನಾಯಿಯನ್ನು ಕಟ್ಟಿಹಾಕಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.